ಚುಕ್ಕಾಣಿ ಹಿಡಿದ ಮೂರು ದಿನ

ಸಂಸ್ಕೃತದಲ್ಲಿ ‘ಕರ್ಣ’ ಎಂಬ ಶಬ್ದಕ್ಕೆ ಕಿವಿಯೆಂಬ ಅರ್ಥವಿರುವುದು ಎಲ್ಲರಿಗೂ ತಿಳಿದದ್ದೇ. ರೇಖಾಗಣಿತದಲ್ಲಿ ಚೌಕದ ಒಂದು ಮೂಲೆಯಿಂದ ಎದುರುಮೂಲೆಗೆ ಎಳೆದ ಗೆರೆಗೂ ಕರ್ಣವೆಂದೇ ಹೆಸರು. ಇವೆರಡಲ್ಲದೆ ಮೂರನೆಯ ಅರ್ಥವೊಂದುಂಟು; ಅದು ದೋಣಿಯ ಚುಕ್ಕಾಣಿ. ಆದುದರಿಂದಲೇ ಚುಕ್ಕಾಣಿ ಹಿಡಿದವನು ಕರ್ಣಧಾರನೆನಿಸಿಕೊಂಡನು. ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೆ ಮಿಕ್ಕು ಉಪಾಧ್ಯಾಯನಾಗಿದ್ದ ನಾನು, ಸಂಜೆಯ ಹೊತ್ತು ಮನೆಗೆ ಪಾಠಕ್ಕೆ ಬರುತ್ತಿದ್ದ ಹುಡುಗರಿಂದ ಅಮರಕೋಶದ ವಾರಿವರ್ಗವನ್ನು ಎಷ್ಟು ಸಲ ಒಪ್ಪಿಸಿಕೊಂಡೆನೋ ಲೆಕ್ಕವಿಲ್ಲ. ಕರ್ಣಧಾರನೆಂದರೆ ನಾವಿಕ, ಕ್ಷೇಪಣಿಯೆಂದರೆ ಹುಟ್ಟು ಎಂದು ಹೇಳಿಕೊಟ್ಟು, ಒಪ್ಪಿಸಲಾರದವನನ್ನು ಮೂಲೆಯಲ್ಲಿ ನಿಲ್ಲಿಸಿದ್ದೂ ಉಂಟು. ಆದರೆ ಅರುವತ್ತು ವರ್ಷ ತುಂಬುವವರೆಗೆ ನಾನು ಒಮ್ಮೆಯಾದರೂ ಚುಕ್ಕಾಣಿಯನ್ನು ಕೈಯಿಂದ ಮುಟ್ಟಿದವನಲ್ಲ. ಮುಟ್ಟಿದ ಮೇಲೆ ತಿಳಿದ ಸಂಗತಿಗಳನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಸೀಮೆಯವರಿಗೆ ನೀರು ಹೊಸದಲ್ಲ. ಶಿವಮೊಗ್ಗೆಯ ಪಕ್ಕದಲ್ಲಿ ತುಂಗೆ, ಹನ್ನೆರಡು ಮೈಲಿಯಾಚೆ ಭದ್ರಾವತಿಯಲ್ಲಿ ಭದ್ರೆ. ಕೂಡಲಿಯಲ್ಲಿ ಎರಡೂ ಕೂಡಿ ತುಂಗಭದ್ರೆಯಾಗುವುವು. ಗಾಜನೂರಿನಿಂದ ಹೊರಟ ತುಂಗಾ ಕಾಲುವೆಯು ಶಿವಮೊಗ್ಗೆಯ ಮನೆಗಳ ಬೆನ್ನಿಗೇ ಹರಿಯುವುದು. ಜನರು ಅದನ್ನು ಚಾನಲ್ ಎಂದು ಕರೆಯುವರು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಿಂದ ಹೊರಡುವ ಬಲದಂಡೆಯ ಕಾಲುವೆ 103 ಕಿಲೋಮೀಟರು, ಎಡದಂಡೆಯದು 77 ಕಿಲೋಮೀಟರು. ಇಷ್ಟು ಉದ್ದದ ನೀರಿದ್ದರೂ ಈ ಕಾಲುವೆಗಳಲ್ಲಿ ಸರಕಿನ ದೋಣಿಯು ಓಡಾಡುವುದಿಲ್ಲ. ಇವು ಗದ್ದೆ ತೋಟಗಳಿಗಾಗಿ ತೋಡಿದವು. ಅಲ್ಲಲ್ಲಿ ನೀರು ಮೆಟ್ಟಲಿಳಿದಂತೆ ಧುಮುಕುವುದು, ತೂಬುಗಳು ಅಡ್ಡ ಬರುವುವು, ಸರದಿ ಮುಗಿದರೆ ನೀರನ್ನೇ ನಿಲ್ಲಿಸಿಬಿಡುವರು. ದೋಣಿಗೆ ಬೇಕಾದದ್ದು ಹೆಚ್ಚು ಹರಿಯದೆ ನಿಂತಂತಿರುವ ನೀರು.

ಆದರೂ ಇದೇ ತುಂಗಭದ್ರೆಯ ನೀರು ಮುಂದೆ ಹೋಗಿ ಕಾಲುವೆಯ ದೋಣಿಗಳನ್ನು ಹೊತ್ತದ್ದುಂಟು. ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ಹೊಳೆಗೆ ಕಟ್ಟೆ ಹಾಕಿ ಕಡಪೆಯವರೆಗೆ ತೆಗೆದ ಕಾಲುವೆಯನ್ನು 1860ರ ದಶಕದಲ್ಲಿ ಒಂದು ಇಂಗ್ಲಿಷ್ ಕಂಪೆನಿಯು ವ್ಯವಸಾಯಕ್ಕೂ ದೋಣಿಸಂಚಾರಕ್ಕೂ ಆಗಲೆಂದು ತೋಡಿಸಿತು. ಲಾಭವು ಕೈಗೂಡದೆ, 1882ರಲ್ಲಿ ಸರ್ಕಾರವು ಅದನ್ನು ಕೊಂಡುಕೊಂಡಿತು. ನಮ್ಮ ಊರಿನ ಮುಂದೆ ಹಾದುಹೋದ ನೀರು ಅಲ್ಲಿ ದೋಣಿಗೆ ದಾರಿಯಾಯಿತೆಂಬುದನ್ನು ನೆನೆದರೆ ನನಗೆ ಸಂತೋಷವಾಗುವುದು.

ಚುಕ್ಕಾಣಿಯ ಕೆಲಸವನ್ನು ನಾನು ಮೊದಲು ಕಣ್ಣಾರೆ ನೋಡಿದ್ದು ನಮ್ಮ ಜಿಲ್ಲೆಯ ಶರಾವತಿಯ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾದ ಮೇಲೆ ನೀರು ನಿಂತು ದಾರಿ ಮುಳುಗಿತು. 2025ರ ಜುಲೈ ತಿಂಗಳಲ್ಲಿ ಸೇತುವೆಯು ತೆರೆಯುವವರೆಗೆ ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಜನರೂ ವಾಹನಗಳೂ ಲಾಂಚಿನಲ್ಲಿಯೇ ದಾಟಬೇಕಾಗಿತ್ತು. ಒಂದು ಸಲ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ, ಲಾಂಚು ನಡಸುವವನು ಆಚೆಯ ದಡ ಇನ್ನೂ ದೂರವಿರುವಾಗಲೇ ಚುಕ್ಕಾಣಿಯನ್ನು ಸ್ವಲ್ಪ ತಿರುಗಿಸಿ, ಲಾಂಚು ತಿರುಗುತ್ತಿರುವಾಗಲೇ ಅದನ್ನು ಹಿಂದಕ್ಕೆ ತಂದುದನ್ನು ಕಂಡೆನು. ಏಕೆ ಹೀಗೆ ಮಾಡುತ್ತಾನೆಂದು ಆಗ ನನಗೆ ಅರ್ಥವಾಗಲಿಲ್ಲ. ಕೇಳುವ ಮನಸ್ಸೂ ಬರಲಿಲ್ಲ. ಕೈಕೆಲಸದವನನ್ನು ಮೇಷ್ಟರು ಏನು ಕೇಳುವುದೆಂಬ ಬಿಂಕವು ನನ್ನಲ್ಲಿದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಈ ಬಿಂಕದಿಂದಲೇ ನನ್ನ ಮನೆಯಲ್ಲಿ ಒಂದು ವ್ಯಥೆಯೂ ಉಂಟಾಗಿತ್ತು. ನನಗೆ ಒಬ್ಬನೇ ಮಗ. ಭದ್ರಾವತಿಯೆಂದರೆ ಕಬ್ಬಿಣದ ಊರು; 1923ರಲ್ಲಿ ಅಲ್ಲಿ ಕಾರ್ಖಾನೆಯು ಕೆಲಸಕ್ಕೆ ತೊಡಗಿದ ಮೇಲೆ ಬೀದಿಗೊಂದು ಲೇತು, ಕೇರಿಗೊಂದು ಕುಲುಮೆ ಎಂಬಂತಾಗಿತ್ತು. ಹುಡುಗನು ಶಾಲೆ ಬಿಟ್ಟೊಡನೆ ಅಂತಹ ಒಂದು ಅಂಗಡಿಯ ಮುಂದೆ ನಿಂತು, ಕತ್ತಲಾದ ಮೇಲೆ ಕೈಯೆಲ್ಲ ಕರಿ ಮಾಡಿಕೊಂಡು ಬರುತ್ತಿದ್ದನು. ನಮ್ಮದು ಮೂರು ತಲೆಯಿಂದ ಪಾಠ ಹೇಳುವ ಮನೆತನ. 2008ರಲ್ಲಿ ಅವನು ಹತ್ತನೆಯ ತರಗತಿ ಮುಗಿಸಿದಾಗ, ಅವನ ಮಾತನ್ನು ಕೇಳದೆ, ಅವನ ತಾಯಿ ಬೇಡವೆಂದರೂ ಬಿಡದೆ, ದೂರದ ಊರಿನ ಒಂದು ಸಂಸ್ಕೃತ ಪಾಠಶಾಲೆಗೆ ಅವನನ್ನು ಸೇರಿಸಿ ಬಂದೆನು. ಮೂರು ತಿಂಗಳಿಗೆ ಅವನು ಅಲ್ಲಿಂದ ಓಡಿ ಸೋದರಮಾವನ ಮನೆ ಸೇರಿದನು. ಅನಂತರ ಪಾಲಿಟೆಕ್ನಿಕ್ಕು, ಕೆಲಸ, ಇಂಗ್ಲೆಂಡು. ಓಡಿಬಂದ ದಿನದಿಂದ ಎರಡು ವರ್ಷ ನಾನು ಅವನೊಡನೆ ಮಾತನಾಡಲಿಲ್ಲ. ಆಮೇಲೆ ಮಾತು ಮೊದಲಾಯಿತು. ಆದರೆ ಅದು ಕ್ಷೇಮಸಮಾಚಾರದ ಮಾತು. ಅವನ ಮದುವೆಯಾಗಿ, ಮಗಳು ಹುಟ್ಟಿ, ಅವಳಿಗೆ ಏಳು ವರ್ಷವಾದರೂ ನಮ್ಮಿಬ್ಬರ ನಡುವೆ ಆ ಪ್ರಸ್ತಾಪವು ಒಮ್ಮೆಯೂ ಬರಲಿಲ್ಲ.

ನಾನು ನಿವೃತ್ತನಾದ ವರ್ಷ ಮಗನು ನಮ್ಮಿಬ್ಬರನ್ನೂ ತನ್ನಲ್ಲಿಗೆ ಕರೆಯಿಸಿಕೊಂಡನು. ಮೂರು ದಿನಗಳ ರಜೆಯಲ್ಲಿ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಒಂದು ದೋಣಿಯನ್ನು ಬಾಡಿಗೆಗೆ ಹಿಡಿದು, ಎಲ್ಲರೂ ಅದರಲ್ಲಿಯೇ ಅಡಿಗೆ, ಊಟ, ನಿದ್ರೆ ಮಾಡಿಕೊಂಡು ಹೋಗುವುದೆಂದು ಏರ್ಪಾಡಾಯಿತು. ಆ ದೇಶದಲ್ಲಿ ರೈಲು ಬರುವುದಕ್ಕೆ ಮೊದಲು ಕಲ್ಲಿದ್ದಲು ಮೊದಲಾದ ಸರಕೆಲ್ಲವೂ ಇಂತಹ ಕಾಲುವೆಗಳಲ್ಲಿ ಸಾಗುತ್ತಿತ್ತು. ದಡದ ಮೇಲೆ ನಡೆಯುವ ಕುದುರೆಯು ಹಗ್ಗದಿಂದ ದೋಣಿಯನ್ನು ಎಳೆಯುತ್ತಿತ್ತು. ಈಗ ಸರಕಿಲ್ಲ, ಕುದುರೆಯಿಲ್ಲ. ವಿಹಾರದ ದೋಣಿಗಳಿಗೆ ಇಂಜಿನು ಬಂದಿದೆ. ಈ ಕಾಲುವೆಯನ್ನು ಮೊದಲು ಗುರುತು ಮಾಡಿದವನು ಜೇಮ್ಸ್ ಬ್ರಿಂಡ್ಲಿ ಎಂಬಾತನು. ಗಿರಣಿಗಳ ಯಂತ್ರ ಕಟ್ಟುವ ಕಸಬಿನಿಂದ ಮೇಲೆ ಬಂದ ಅವನಿಗೆ ಓದುಬರಹವು ಅಷ್ಟಕ್ಕಷ್ಟೆ. ಅವನು 1772ರಲ್ಲಿ ತೀರಿಕೊಂಡನು. ಕಾಲುವೆಯು ಆಕ್ಸ್‌ಫರ್ಡನ್ನು ಮುಟ್ಟಿದ್ದು 1790ರಲ್ಲಿ. ಗುಡ್ಡ ಕಡಿಯದೆ, ಹಳ್ಳ ತುಂಬದೆ, ನೆಲದ ಸಮಮಟ್ಟವನ್ನು ಹಿಡಿದುಕೊಂಡು ಹೋಗುವುದು ಅವನ ಪದ್ಧತಿ. ನಮ್ಮ ಭದ್ರಾ ಕಾಲುವೆಯೂ ಗುಡ್ಡದ ಮಗ್ಗುಲಲ್ಲಿ ಹೀಗೆಯೇ ಬಳಸಿಕೊಂಡು ಹೋಗುವುದಷ್ಟೆ. ಆದಕಾರಣ ಆ ಕಾಲುವೆಯ ದಕ್ಷಿಣಭಾಗದಲ್ಲಿ ನೂರು ಗಜ ನೆಟ್ಟಗೆ ಹೋಗುವಷ್ಟರಲ್ಲಿ ಒಂದು ತಿರುವು ಬರುವುದು. ಚುಕ್ಕಾಣಿ ಕಲಿಯುವವನಿಗೆ ಅದು ಒಳ್ಳೆಯ ಪಾಠಶಾಲೆ.

ದೋಣಿಯು ವಿಚಿತ್ರವಾದದ್ದು. ಅಗಲ 6 ಅಡಿ 10 ಅಂಗುಲ. ಉದ್ದ 57 ಅಡಿ! ನಮ್ಮ ಹಳೆಯ ಕಾಲದ ಮನೆಯ ನಡುಮನೆ, ಊಟದ ಮನೆ, ಅಡಿಗೆಯ ಮನೆಗಳನ್ನು ಸಾಲಾಗಿ ಜೋಡಿಸಿ ನೀರಿಗೆ ಬಿಟ್ಟಂತೆ ಇರುವುದು. ಮೈಯೆಲ್ಲ ಉಕ್ಕು. ಗಂಟೆಗೆ ನಾಲ್ಕು ಮೈಲಿಗಿಂತ ಹೆಚ್ಚು ವೇಗವು ಕೂಡದು. ಹಿಂಬದಿಯಲ್ಲಿ, ನೀರಿನೊಳಗೆ, ನೀರನ್ನು ಹಿಂದಕ್ಕೆ ತಳ್ಳುವ ಪಂಖವಿದೆ. ಅದರ ಬೆನ್ನಿಗೇ ಚುಕ್ಕಾಣಿಯ ಹಲಗೆ. ಹಲಗೆಯ ಕಂಬವು ಮೇಲಕ್ಕೆ ಬಂದು ಬಾಗಿ ಒಂದು ಹಿಡಿಗೋಲಾಗಿರುವುದು. ಅದನ್ನು ಹಿಡಿದು ನಿಂತವನೇ ಕರ್ಣಧಾರ.

ಮೊದಲನೆಯ ದಿನ ಮಗನು ನಡಸಿದನು. ನಡುವೆ ಒಮ್ಮೆ, “ಅಣ್ಣ, ನೀವೂ ಹಿಡಿದು ನೋಡಿ” ಎಂದನು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದು ಕರೆಯುವ ರೂಢಿ. ನಾನು ಹಿಡಿದು, ಬಲಕ್ಕೆ ಹೋಗಬೇಕೆಂದು ಹಿಡಿಗೋಲನ್ನು ಬಲಕ್ಕೆ ತಳ್ಳಿದೆನು. ದೋಣಿಯು ಎಡಕ್ಕೆ ಹೋಗಿ ಜೊಂಡಿನೊಳಗೆ ಮೂತಿಯಿಟ್ಟಿತು. ಮೊಮ್ಮಗಳು ಚಪ್ಪಾಳೆ ತಟ್ಟಿ ನಕ್ಕಳು. ಕಾರಣವು ಸರಳವಾಗಿಯೇ ಇದೆ. ಹಿಡಿಗೋಲು ಬಲಕ್ಕೆ ಹೋದರೆ ಕಂಬದ ಹಿಂದಿರುವ ಹಲಗೆಯು ಎಡಕ್ಕೆ ತಿರುಗುವುದು. ಹಿಂದಕ್ಕೆ ಹೋಗುವ ನೀರು ಹಲಗೆಯ ಎಡಮುಖಕ್ಕೆ ಹೊಡೆದು ದೋಣಿಯ ಹಿಂಬದಿಯನ್ನು ಬಲಕ್ಕೆ ನೂಕುವುದು. ಹಿಂಬದಿ ಬಲಕ್ಕೆ ಸರಿದರೆ ಮೂತಿಯು ಎಡಕ್ಕೆ ನೋಡುವುದು. ಚುಕ್ಕಾಣಿಯು ದೋಣಿಯ ತಲೆಯನ್ನು ತಿರುಗಿಸುವುದೆಂದು ನಾವು ಎಣಿಸುವೆವು. ಅದು ತಪ್ಪು. ಅದು ಬಾಲವನ್ನು ಬದಿಗೆ ನೂಕುವುದು; ತಲೆಯು ತಾನಾಗಿ ತಿರುಗುವುದು.

ಎರಡನೆಯ ದಿನ, ಎಷ್ಟು ತಿರುಗಿಸಬೇಕೆಂಬ ಪಾಠವಾಯಿತು. ಹೆಚ್ಚು ತಿರುಗಿಸಿದಷ್ಟೂ ದೋಣಿಯು ಹೆಚ್ಚು ತಿರುಗುವುದೆಂದು ನಾನು ತಿಳಿದಿದ್ದೆನು. ಮಗನು ಒಂದು ಕಾಗದದ ಮೇಲೆ ಗೆರೆಯೆಳೆದು ತೋರಿಸಿದನು. ಓರೆಯಾಗಿ ನಿಂತ ಹಲಗೆಯ ಮೇಲೆ ನೀರು ಒತ್ತುವ ಬಲವು ಹೆಚ್ಚುಕಡಮೆ ಹಲಗೆಗೆ ನೇರವಾಗಿ, ಎಂದರೆ ಲಂಬವಾಗಿ ಇರುವುದು. ಆ ಬಲದಲ್ಲಿ ಒಂದು ಪಾಲು ದೋಣಿಯ ಹಿಂಬದಿಯನ್ನು ಬದಿಗೆ ನೂಕುವುದು. ಇನ್ನೊಂದು ಪಾಲು ದೋಣಿಯನ್ನು ಹಿಂದಕ್ಕೆ ಜಗ್ಗುವುದು. ಮೊದಲನೆಯದು ನಮಗೆ ಬೇಕಾದದ್ದು, ಎರಡನೆಯದು ಅದಕ್ಕೆ ತೆರುವ ಬೆಲೆ. ನಮ್ಮ ಜ್ಯೋತಿಷಿಗಳು ಜ್ಯಾ, ಕೋಟಿಜ್ಯಾ ಎಂದು ಕರೆದ ಲೆಕ್ಕವೇ ಇಲ್ಲಿಯೂ ಸಲ್ಲುವುದು. ಹಲಗೆಯನ್ನು 10 ಅಂಶ ತಿರುಗಿಸಿದರೆ, ಬದಿಗೆ ನೂಕುವ ಬಲ ನೂರು ಪಾಲಾದಾಗ ಹಿಂದಕ್ಕೆ ಜಗ್ಗುವುದು ಸುಮಾರು 18 ಪಾಲು ಮಾತ್ರ. 35 ಅಂಶಕ್ಕೆ ಅದು 70 ಪಾಲಾಗುವುದು. 45 ಅಂಶಕ್ಕೆ ಎರಡೂ ಸಮ. 60 ಅಂಶಕ್ಕೆ, ನೂರು ಪಾಲು ನೂಕಿಸಿಕೊಳ್ಳುವುದಕ್ಕೆ 173 ಪಾಲು ಜಗ್ಗಿಸಿಕೊಳ್ಳಬೇಕು.

ಇಷ್ಟೇ ಅಲ್ಲ. ಕೋನವು ಚಿಕ್ಕದಾಗಿರುವಾಗ ನೀರು ಹಲಗೆಯ ಎರಡು ಮುಖಗಳನ್ನೂ ತಬ್ಬಿಕೊಂಡು ಹರಿಯುವುದು. ಕೋನವನ್ನು ಇಮ್ಮಡಿಸಿದರೆ ನೂಕುವ ಬಲವೂ ಸುಮಾರಾಗಿ ಇಮ್ಮಡಿಯಾಗುವುದು. ಕೋನವು ಒಂದು ಮಿತಿಯನ್ನು ಮೀರಿದರೆ ಹಿಂಮುಖದ ನೀರು ಹಲಗೆಯನ್ನು ಬಿಟ್ಟು ಸುಳಿಸುಳಿಯಾಗಿ ಒಡೆದುಹೋಗುವುದು. ಅಲ್ಲಿಂದ ಮುಂದೆ ನೂಕುವ ಬಲವು ಏರುವುದಿಲ್ಲ; ಜಗ್ಗುವ ಬಲ ಮಾತ್ರ ಏರುವುದು. ಸಮುದ್ರದ ದೊಡ್ಡ ಹಡಗುಗಳಲ್ಲಿ ಸಾಮಾನ್ಯವಾಗಿ ಚುಕ್ಕಾಣಿಯು ಎರಡು ಕಡೆಗೂ 35 ಅಂಶಕ್ಕಿಂತ ಹೆಚ್ಚು ತಿರುಗದಂತೆ ತಡೆಯಿಟ್ಟಿರುವುದು ಇದಕ್ಕಾಗಿಯೇ. “ಅದಕ್ಕಿಂತ ಮುಂದಕ್ಕೆ ತಳ್ಳಿದರೆ ಅದು ಚುಕ್ಕಾಣಿಯಲ್ಲ ಅಣ್ಣ, ಗೋಡೆ” ಎಂದನು ಮಗ. ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗದ್ದೆಯ ಸಣ್ಣ ಕಾಲುವೆಯ ಹರಿಯುವ ನೀರಿನಲ್ಲಿ ಒಂದು ತೆಳುಹಲಗೆಯನ್ನು ಹರಿವಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಅದು ಪಕ್ಕಕ್ಕೆ ಜಾರಹೊರಡುವುದು. ಪೂರಾ ಅಡ್ಡ ಹಿಡಿದರೆ ಕೈಯನ್ನು ಸುಮ್ಮನೆ ಹಿಂದಕ್ಕೆ ಎಳೆಯುವುದು.

ಇನ್ನೆರಡು ಸಂಗತಿಗಳನ್ನೂ ಅಂದೇ ಕಲಿತೆನು. ಒಂದನೆಯದು, ಹಲಗೆಯ ಮೇಲೆ ನೀರು ಹರಿದರಲ್ಲದೆ ಚುಕ್ಕಾಣಿಗೆ ಶಕ್ತಿಯಿಲ್ಲ. ನೀರಿನ ವೇಗವು ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುವುದು. ವೇಗವು ಸೊನ್ನೆಯಾದರೆ ಬಲವೂ ಸೊನ್ನೆ. ಆದುದರಿಂದ ಬಿಗಿಯಾದ ತಿರುವಿನಲ್ಲಿ ಜಾಣನಾದವನು ಹಿಡಿಗೋಲನ್ನು ತಿರುಗಿಸಿಟ್ಟು, ಕ್ಷಣಕಾಲ ಇಂಜಿನನ್ನು ಹೆಚ್ಚಿಸುವನು; ಪಂಖದಿಂದ ಬಂದ ನೀರು ಹಲಗೆಗೆ ಹೊಡೆದು ಹಿಂಬದಿಯನ್ನು ನೂಕುವುದು. ಹಿಂದಕ್ಕೆ ನಡೆಯುವಾಗ ಆ ನೀರು ಹಲಗೆಗೆ ತಾಗದ ಕಾರಣ ಚುಕ್ಕಾಣಿಯು ಬಹುಮಟ್ಟಿಗೆ ನಿಷ್ಪ್ರಯೋಜಕ. ಎರಡನೆಯದು, ಇಷ್ಟು ಭಾರದ ದೋಣಿಯು ಹೇಳಿದೊಡನೆ ತಿರುಗದು. ತಿರುಗತೊಡಗಿದ ಮೇಲೆ ಹೇಳಿದೊಡನೆ ನಿಲ್ಲದು. ಆದುದರಿಂದ ತಿರುವಿಗೆ ಮೊದಲೇ ಸ್ವಲ್ಪ ತಿರುಗಿಸಬೇಕು, ತಿರುಗುತ್ತಿರುವಾಗಲೇ ಹಿಡಿಗೋಲನ್ನು ನಡುವಿಗೆ ತಂದು, ಬೇಕಾದರೆ ಎದುರುಕಡೆಗೆ ತುಸು ಒತ್ತಬೇಕು. ಹೊಳೆಬಾಗಿಲಿನ ಲಾಂಚಿನವನು ಮಾಡಿದ್ದು ಇದನ್ನೇ! ನಾನು ಅಂದು ಕೇಳಿದ್ದರೆ ಎರಡು ಮಾತಿನಲ್ಲಿ ಹೇಳುತ್ತಿದ್ದನೋ ಏನೋ.

ಮೂರನೆಯ ದಿನ ಎಲ್ಲವನ್ನೂ ಕಲಿತೆನೆಂಬ ಧೈರ್ಯದಿಂದ ನಾನೇ ಹಿಡಿಗೋಲನ್ನು ಹಿಡಿದೆನು. ಮಗನು ಪಕ್ಕದಲ್ಲಿ ನಿಂತಿದ್ದನು. ಮೊಮ್ಮಗಳು ಹಿಂಬದಿಯ ಎಡಮಗ್ಗುಲಲ್ಲಿ ಕುಳಿತು, ಹೊರಗೆ ಕೈ ಚಾಚಿ ನೀರಿನ ಮೇಲಿನ ಬಾತುಗಳಿಗೆ ರೊಟ್ಟಿಯ ಚೂರು ಹಾಕುತ್ತಿದ್ದಳು. ಒಂದು ಇಟ್ಟಿಗೆಯ ಕಮಾನುಸೇತುವೆಯ ಹತ್ತಿರ ಕಾಲುವೆಯು ಬಲಕ್ಕೆ ತಿರುಗಿತ್ತು. ಸೇತುವೆಯ ಕೆಳಗೆ ದಾರಿಯು ದೋಣಿಯ ಅಗಲಕ್ಕಿಂತ ಸ್ವಲ್ಪವೇ ಹೆಚ್ಚು. ಹಸುರು ಹೊಲಗಳನ್ನು ನೋಡುತ್ತ ನಾನು ತಿರುವನ್ನು ಹೊತ್ತಾಗಿ ಕಂಡೆನು. ಗಾಬರಿಯಾಯಿತು. ಕಲಿತದ್ದೆಲ್ಲ ಮರೆತು ಎರಡು ತಪ್ಪನ್ನು ಒಟ್ಟಿಗೆ ಮಾಡಿದೆನು: ದೋಣಿ ನಿಲ್ಲಲಿ ಎಂದು ಇಂಜಿನಿನ ಶಕ್ತಿಯನ್ನು ಬಿಡಿಸಿದೆನು, ಬಲಕ್ಕೆ ಹೋಗಲಿ ಎಂದು ಹಿಡಿಗೋಲನ್ನು ಎಡಕ್ಕೆ ಕಡೆಯವರೆಗೂ ತಳ್ಳಿದೆನು. ದೋಣಿಯು ನಿಲ್ಲಲೂ ಇಲ್ಲ, ತಿರುಗಲೂ ಇಲ್ಲ; ತನ್ನ ಭಾರದಿಂದ ನೇರವಾಗಿ ಗೋಡೆಯ ಕಡೆಗೆ ಜಾರುತ್ತ ಹೋಯಿತು. ಹೆದರಿ ಪುನಃ ಇಂಜಿನನ್ನು ಜೋರಾಗಿ ಬಿಟ್ಟೆನು. ಆಗ ಪಂಖದ ನೀರೆಲ್ಲ ಆ ಅಡ್ಡಹಲಗೆಗೆ ಹೊಡೆದು, ಮೂತಿಯು ಬಲಕ್ಕೆ ಹೊರಳಿತು; ಹಿಂಬದಿಯು ಭರದಿಂದ ಎಡಕ್ಕೆ, ಸೇತುವೆಯ ಇಟ್ಟಿಗೆಯ ಕಡೆಗೆ ಬೀಸಿತು. ನನ್ನ ಕಣ್ಣು ಮೂತಿಯ ಮೇಲೆಯೇ ಇತ್ತು. ಮಗುವಿನ ಕೈ ಹೊರಗಿದೆಯೆಂಬುದು ನನಗೆ ಕಾಣಲಿಲ್ಲ.

“ಪುಟ್ಟಿ, ಕೈ!” ಎಂದು ಮಗನು ಕೂಗಿದ್ದೂ, ಅವಳ ರೆಟ್ಟೆ ಹಿಡಿದು ಒಳಕ್ಕೆ ಸೆಳೆದದ್ದೂ ಒಂದೇ ಕ್ಷಣ. ಮರುಕ್ಷಣ ಉಕ್ಕು ಇಟ್ಟಿಗೆಗೆ ಉಜ್ಜಿ ಕಿಡಿ ಹಾರಿತು. ದೋಣಿಗೆ ಒಂದು ಮೊಳದುದ್ದ ಬಣ್ಣ ಹೋಯಿತು. ಮಗುವಿಗೆ ಏನೂ ಆಗಲಿಲ್ಲ. ಅವಳು ನಡುಗಿ ಅಳುತ್ತ ಅಜ್ಜಿಯ ಸೆರಗಿನಲ್ಲಿ ಮುಖ ಮರೆಮಾಡಿಕೊಂಡಳು. ಸೊಸೆಯು ಒಂದು ಮಾತನ್ನೂ ಆಡದೆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆ ನೋಟವನ್ನು ನಾನು ಇಂದಿಗೂ ಮರೆಯಲಾರೆನು. ಮಗನು ನನ್ನನ್ನು ಗದರಿಸಲಿಲ್ಲ. ಹಿಡಿಗೋಲನ್ನು ತಾನು ತೆಗೆದುಕೊಂಡು ದೋಣಿಯನ್ನು ಸೇತುವೆ ದಾಟಿಸಿ, ನೆಟ್ಟಗಿರುವ ಜಾಗವು ಬಂದ ಮೇಲೆ, “ಈಗ ನೀವು ಹಿಡಿಯಿರಿ ಅಣ್ಣ” ಎಂದು ನನ್ನ ಕೈಗೇ ಪುನಃ ಕೊಟ್ಟನು. ನಾನು ಬೇಡವೆಂದೆನು. “ಈಗ ಬಿಟ್ಟರೆ ಇನ್ನು ಮುಟ್ಟುವುದಿಲ್ಲ, ಹಿಡಿಯಿರಿ” ಎಂದನು. ಹಿಡಿದೆನು.

ಅಂದು ರಾತ್ರಿ ದೋಣಿಯನ್ನು ದಡಕ್ಕೆ ಕಟ್ಟಿದ ಮೇಲೆ, ಹೆಂಗಸರೂ ಮಗುವೂ ಮಲಗಿದ ತರುವಾಯ, ನಾವಿಬ್ಬರೂ ಹೊರಗೆ ಕುಳಿತಿದ್ದೆವು. ಹದಿನೇಳು ವರ್ಷಗಳಿಂದ ಗಂಟಲಿನಲ್ಲಿದ್ದ ಮಾತನ್ನು ನಾನೇ ತೆಗೆದೆನು. “ನಿನ್ನನ್ನು ಆಗ ಪಾಠಶಾಲೆಗೆ ಹಾಗೆ ಎಳೆದುಕೊಂಡು ಹೋಗಬಾರದಾಗಿತ್ತು. ನಾನು ಬಹಳ ತಿರುಗಿಸಿದೆ, ಅಲ್ಲವೇನೋ?” ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಕಳುಹಿಸಿದ್ದು ನನಗೆ ಅಷ್ಟು ನೋವಾಗಲಿಲ್ಲ ಅಣ್ಣ. ಅಲ್ಲಿ ಕಲಿತದ್ದನ್ನು ಈಗ ಪುಟ್ಟಿಗೆ ಹೇಳಿಕೊಡುತ್ತಲೂ ಇದ್ದೇನೆ. ಓಡಿಬಂದ ಮೇಲೆ ನೀವು ಮಾತು ಬಿಟ್ಟಿರಲ್ಲ, ಅದನ್ನು ಮಾತ್ರ ತಡೆಯಲಾಗಲಿಲ್ಲ.”

ನಾನು ಉತ್ತರ ಹೇಳಲಾರದೆ ಹೋದೆನು. ಹೆಚ್ಚು ತಿರುಗಿಸಿದ್ದೊಂದೇ ನನ್ನ ತಪ್ಪೆಂದು ಇಷ್ಟು ವರ್ಷ ತಿಳಿದಿದ್ದೆನು. ಇಂಜಿನನ್ನು ನಿಲ್ಲಿಸಿ ಹಿಡಿಗೋಲನ್ನು ತಳ್ಳಿದವನೂ ನಾನೇ ಎಂದು ಅಂದು ತಿಳಿಯಿತು. ಮಾತೇ ಇಲ್ಲದ ಮನೆಯಲ್ಲಿ ತಂದೆಯ ಕೋಪವು ಯಾರನ್ನು ಯಾವ ಕಡೆಗೆ ತಿರುಗಿಸೀತು? ನನ್ನ ಕಣ್ಣು ಮುಂದಿನ ದಾರಿಯ ಮೇಲಿದ್ದಾಗ, ಹಿಂದೆ ಯಾರ ಬೆರಳು ಗೋಡೆಗೆ ಸಿಕ್ಕುವುದೆಂದು ನಾನು ನೋಡಿರಲಿಲ್ಲ. “ತಪ್ಪಾಯಿತು” ಎಂದಷ್ಟು ಹೇಳಿದೆನು. ಮಗನಿಗೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲು. ಅವನು, “ಚಳಿ ಹೆಚ್ಚಾಯಿತು, ಒಳಗೆ ಬನ್ನಿ” ಎಂದು ತನ್ನ ಶಾಲನ್ನು ನನಗೆ ಹೊದಿಸಿದನು.

ಊರಿಗೆ ಬಂದು ಈಗ ಕೆಲವು ತಿಂಗಳಾದುವು. ಸಂಜೆ ಚಾನಲ್ಲಿನ ಏರಿಯ ಮೇಲೆ ತಿರುಗಾಡಲು ಹೋಗುತ್ತೇನೆ. ಮನೆಗೆ ಪಾಠಕ್ಕೆ ಬರುವ ಹುಡುಗರು ಇನ್ನೂ ಇದ್ದಾರೆ. ವಾರಿವರ್ಗವು ಬಂದಾಗ ಕರ್ಣಧಾರ ಶಬ್ದಕ್ಕೆ ನಾವಿಕನೆಂದು ಅರ್ಥ ಹೇಳಿ ಮುಂದಕ್ಕೆ ಹೋಗುವುದಿಲ್ಲ. ಬೋರ್ಡಿನ ಮೇಲೆ ದೋಣಿಯನ್ನೂ ಹಲಗೆಯನ್ನೂ ಬರೆದು, 10 ಅಂಶದ ಲೆಕ್ಕವನ್ನೂ 35 ಅಂಶದ ಮಿತಿಯನ್ನೂ ಹೇಳುತ್ತೇನೆ. ಒಪ್ಪಿಸಲಾರದವನನ್ನು ಮೂಲೆಯಲ್ಲಿ ನಿಲ್ಲಿಸುವುದನ್ನು ಬಿಟ್ಟಿದ್ದೇನೆ. ಭಾನುವಾರ ರಾತ್ರಿ ಮಗನ ಫೋನು ಬರುವುದು. ಮೊದಲು ಕ್ಷೇಮಸಮಾಚಾರವಾದ ಮೇಲೆ ನಾನು ಫೋನನ್ನು ಅವನ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದೆನು. ಈಗ ಆಕೆಯು, “ನನಗೂ ಸ್ವಲ್ಪ ಕೊಡಿ” ಎಂದು ಕೇಳಬೇಕಾಗಿದೆ.